ಕಿವಿಯ ಮೊರೆತವೂ ಮನಸ್ಸಿನ ಪಳಗಿಕೆಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಾಠ)



ಇಂಥ ಸಮಾರಂಭಗಳಲ್ಲಿ ನಾಡಿನ ಇತಿಹಾಸವನ್ನೋ ಸಾಹಿತ್ಯದ ಹಿರಿಮೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಕಾರ್ಯದರ್ಶಿಗಳು ನಮ್ಮನ್ನು ಕರೆಯಲು ಬಂದಾಗ ಅವರ ಮನಸ್ಸಿನಲ್ಲಿದ್ದುದೂ ಅಂಥದೇ ಒಂದು ವಿಷಯ. ನಾವು ಬೇರೊಂದು ವಿಷಯಕ್ಕೆ ಅಪ್ಪಣೆ ಬೇಡಿದೆವು. ಅವರು ಉದಾರವಾಗಿ ಒಪ್ಪಿದರು. ನಮ್ಮ ವಿಷಯ ಕಿವಿಯದು. ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಒಳಗೆ ಎಡೆಬಿಡದೆ ಕೇಳಿಬರುವ ಸದ್ದಿನದು. ಅದರಿಂದ ನೊಂದವರ ಮನಸ್ಸಿಗೆ ಇಂದು ಲಭ್ಯವಿರುವ ಚಿಕಿತ್ಸೆಗಳಲ್ಲಿ ಯಾವುದು ಎಷ್ಟು ಫಲಕಾರಿ ಎಂಬುದನ್ನು ತೂಗಿ ನೋಡುವುದೇ ಈ ಭಾಷಣದ ಉದ್ದೇಶ. ಕನ್ನಡ ಸಂಘಕ್ಕೂ ಕಿವಿಯ ಬೇನೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಉಂಟು. ಅದನ್ನು ಕೊನೆಯಲ್ಲಿ ನಿವೇದಿಸುತ್ತೇವೆ.

ಮೊದಲು ನಮ್ಮ ಅನುಭವವನ್ನೇ ಹೇಳಿಬಿಡುತ್ತೇವೆ. ಹನ್ನೆರಡು ವರ್ಷಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ನೀರಿನ ಮೋಟಾರು ಓಡುತ್ತಿದೆಯೆಂಬ ಭಾವನೆಯಿಂದ ಎದ್ದು ಹೋಗಿ ನೋಡಿದೆವು. ಮೋಟಾರು ನಿಂತಿತ್ತು. ಮತ್ತೆ ಮಲಗಿದರೆ ಮತ್ತದೇ ಸದ್ದು. ಮೂರನೆಯ ಸಲ ಎದ್ದಾಗ ನಮ್ಮ ಮನೆಯವರು, “ಏನ್ರೀ ಇದು, ಕರೆಂಟೇ ಇಲ್ಲ, ಮೋಟಾರು ಹೇಗೆ ಓಡುತ್ತೆ? ಮಲಗಿ ಸುಮ್ಮನೆ” ಎಂದರು. ಆಗ ತಿಳಿಯಿತು, ಮೋಟಾರು ಓಡುತ್ತಿದ್ದುದು ನಮ್ಮ ತಲೆಯೊಳಗೆ ಎಂದು. ಅಂದಿನಿಂದ ಇಂದಿನವರೆಗೆ ಅದು ನಿಂತಿಲ್ಲ. ಈಗ ತಮ್ಮೆದುರು ನಿಂತು ಮಾತನಾಡುತ್ತಿರುವಾಗಲೂ ಓಡುತ್ತಲೇ ಇದೆ.

ನಮ್ಮ ಜನ ಇದನ್ನು ಬಗೆಬಗೆಯಾಗಿ ಹೇಳುತ್ತಾರೆ. ಕಿವಿ ಗುಂಯ್‌ಗುಡುತ್ತದೆ ಎನ್ನುವವರುಂಟು. ಜೀರುಂಡೆ ಕೂಗುತ್ತದೆ, ಕುಕ್ಕರಿನ ಸೀಟಿಯಂತೆ ಕೇಳಿಸುತ್ತದೆ ಎನ್ನುವವರುಂಟು. ವೈದ್ಯರು ಟಿನಿಟಸ್ ಎನ್ನುತ್ತಾರೆ. ಇದು ಹೊಸ ಬೇನೆಯಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 28 ಕಿವಿಬೇನೆಗಳನ್ನು ಎಣಿಸುವಾಗ ಕರ್ಣನಾದ, ಕರ್ಣಕ್ಷ್ವೇಡ ಎಂಬ ಎರಡನ್ನು ಬೇರೆಬೇರೆಯಾಗಿ ಹೆಸರಿಸಲಾಗಿದೆ. ಭೇರಿ, ಮೃದಂಗ, ಶಂಖಗಳ ಧ್ವನಿಯಂತೆ ಕೇಳಿಸುವುದು ಕರ್ಣನಾದವೆಂದೂ, ಕೊಳಲಿನ ದನಿಯಂತೆ ಕೇಳಿಸುವುದು ಕರ್ಣಕ್ಷ್ವೇಡವೆಂದೂ ಆಯುರ್ವೇದ ಗ್ರಂಥಗಳು ವಿವರಿಸುತ್ತವೆ. ಪಶ್ಚಿಮದ ಸಂಗೀತಗಾರ ಬೀಥೋವನ್ 1801ರಲ್ಲಿ ತನ್ನ ವೈದ್ಯ ಮಿತ್ರನಿಗೆ ಬರೆದ ಪತ್ರದಲ್ಲಿ ಹಗಲೂ ಇರುಳೂ ಕಿವಿ ಮೊರೆಯುತ್ತದೆಯೆಂದು ದುಃಖ ತೋಡಿಕೊಂಡಿದ್ದಾನೆ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಲೋಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಈ ಅನುಭವವುಂಟು. ನೂರಕ್ಕೆ ಸುಮಾರು 2 ಮಂದಿಗೆ ಅದು ತೀವ್ರವಾದ ಸಂಕಟ.

ನಮ್ಮ ಸೀಮೆಯಲ್ಲಿ ಇದಕ್ಕೆ ಕಾರಣಗಳು ಕಡಿಮೆಯಿಲ್ಲ. ಕೃಷ್ಣಗಿರಿಯ ಸುತ್ತಮುತ್ತ ಬಂಡೆ ಕೊರೆಯುವ ಯಂತ್ರಗಳು, ಕಲ್ಲನ್ನು ಕೊಯ್ದು ನಯಗೊಳಿಸುವ ಕಾರ್ಖಾನೆಗಳು ಇವೆ. 1970ರ ದಶಕದಿಂದೀಚೆಗೆ ಹೊಸೂರಿನಲ್ಲಿ ಬೆಳೆದ ಸಿಪ್ಕಾಟ್ ಪ್ರದೇಶದಲ್ಲಿ ಲೋಹವನ್ನು ಒತ್ತುವ, ಕೊರೆಯುವ, ಉಜ್ಜುವ ಯಂತ್ರಗಳು ಮೂರು ಪಾಳಿಯಲ್ಲೂ ನಡೆಯುತ್ತವೆ. ತಳಿ, ಕೆಲಮಂಗಲ, ದೇನ್ಕಣಿಕೋಟೆ, ಬಾಗಲೂರುಗಳ ಕನ್ನಡ ಮನೆಗಳಲ್ಲಿ ಇಂಥ ಕೆಲಸಕ್ಕೆ ಹೋಗುವ ಮಗನೋ ಅಳಿಯನೋ ಇಲ್ಲದ ಮನೆ ವಿರಳ. ಜಾತ್ರೆಯ ಧ್ವನಿವರ್ಧಕ, ದೀಪಾವಳಿಯ ಆನೆಪಟಾಕಿ, ತಮಟೆಯ ಪಕ್ಕದಲ್ಲೇ ಗಂಟೆಗಟ್ಟಲೆ ನಿಲ್ಲುವ ಹುರುಪು, ಹುಡುಗರ ಕಿವಿಯೊಳಗಿನ ಇಯರ್‌ಫೋನು, ಇವೂ ಸೇರಿಕೊಳ್ಳುತ್ತವೆ. ವಾರಕ್ಕೆ 40 ಗಂಟೆಯ ಕಾಲ 80 ಡೆಸಿಬಲ್, ಅದಕ್ಕೂ ಹೆಚ್ಚಿನ ಸದ್ದಾದರೆ ಇನ್ನೂ ಕಡಿಮೆ ಹೊತ್ತು, ಇಷ್ಟೇ ಕಿವಿಗೆ ಕ್ಷೇಮವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಯಸ್ಸು, ಕಿವಿ ಸೋರುವಿಕೆ, ಕುಗ್ಗೆ ಕಟ್ಟುವಿಕೆ, ಕೆಲವು ಔಷಧಿಗಳು ಕೂಡ ಕಾರಣವಾಗಬಲ್ಲವು.

ಸದ್ದು ಹುಟ್ಟುವುದು ಹೇಗೆ? ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಂದು ಅಂಗವುಂಟು. ಅದರಲ್ಲಿ ಸುಮಾರು 15,000 ಸೂಕ್ಷ್ಮ ಕೇಶಕೋಶಗಳಿವೆ. ಹೊರಗಿನ ಸದ್ದಿಗೆ ಅವು ತೊನೆದಾಡಿ ನರದ ಮೂಲಕ ಮೆದುಳಿಗೆ ಸುದ್ದಿ ಕಳುಹಿಸುತ್ತವೆ. ದೊಡ್ಡ ಸದ್ದಿನಿಂದಲೋ ವಯಸ್ಸಿನಿಂದಲೋ ಅವು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು, ಸರಿಯಾಗಿ ಕೇಳದ ರೇಡಿಯೋವಿನ ತಿರುಪನ್ನು ನಾವು ಏರಿಸುವಂತೆ, ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆಂದು ಬಹುಮಂದಿ ವಿಜ್ಞಾನಿಗಳು ಭಾವಿಸುತ್ತಾರೆ. ತಿರುಪು ಏರಿದಾಗ ನಿಲ್ದಾಣದ ದನಿಯ ಜೊತೆಗೆ ಗೊರಗೊರ ಸದ್ದೂ ಏರುವುದಲ್ಲವೆ? ನಮಗೆ ಕೇಳಿಸುವುದು ಆ ಗೊರಗೊರವೇ.

ಇಲ್ಲಿ ಒಂದು ಸ್ವಾರಸ್ಯವಾದ ಪ್ರಯೋಗವನ್ನು ಹೇಳಬೇಕು. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು, ಕಿವಿ ಚೆನ್ನಾಗಿದ್ದ 80 ಮಂದಿಯನ್ನು ಸದ್ದು ಒಳನುಗ್ಗದ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತದೆಯೆಂದು ವಿಚಾರಿಸಿದರು. ನೂರಕ್ಕೆ 94 ಮಂದಿ ಏನಾದರೊಂದು ಸದ್ದು ಕೇಳಿಸಿತೆಂದರು. ಅಂದರೆ ಒಳಗಿನ ಮೊರೆತ ಬಹುಮಟ್ಟಿಗೆ ಎಲ್ಲರಲ್ಲಿಯೂ ಇರತಕ್ಕದ್ದು; ಹೊರಗಿನ ಗದ್ದಲದಲ್ಲಿ ಅದು ಮುಚ್ಚಿಹೋಗಿರುತ್ತದೆ. ಇನ್ನೂ ಒಂದು ಮಾತು. ಮೊರೆತವುಳ್ಳವರ ಸದ್ದಿನ ಪ್ರಮಾಣವನ್ನು ಯಂತ್ರದಿಂದ ಹೋಲಿಸಿ ಅಳೆದರೆ, ಆ ಅಳತೆಗೂ ಅವರ ಸಂಕಟದ ಅಳತೆಗೂ ಹೊಂದಿಕೆ ಬಹಳ ಸಡಿಲ. ಸಣ್ಣ ಸದ್ದಿನವನು ನಿದ್ದೆಯಿಲ್ಲದೆ ಕೊರಗುತ್ತಾನೆ. ದೊಡ್ಡ ಸದ್ದಿನವನು ಹೊಲ ಉತ್ತು ಬಂದು ಗೊರಕೆ ಹೊಡೆಯುತ್ತಾನೆ. ಹಾಗಾದರೆ ಸಂಕಟ ಬರುವುದು ಸದ್ದಿನಿಂದ ಮಾತ್ರವಲ್ಲ ಎಂದಾಯಿತು.

ಈ ಪ್ರಶ್ನೆಗೆ 1984ರಲ್ಲಿ ಇಂಗ್ಲೆಂಡಿನ ಹ್ಯಾಲಮ್ ಮತ್ತು ಸಂಗಡಿಗರು ಒಂದು ಉತ್ತರ ಕೊಟ್ಟರು. ಹೊಸೂರಿನ ರೈಲು ದಾರಿಯ ಪಕ್ಕದ ಮನೆಗೆ ನೆಂಟರು ಬಂದರೆ ಮೊದಲ ರಾತ್ರಿ ಬೆಚ್ಚಿ ಏಳುತ್ತಾರೆ. ಮನೆಯವರಿಗೆ ಆ ರೈಲು ಬಂದು ಹೋದುದೇ ತಿಳಿಯದು. ಅರ್ಥವಿಲ್ಲದ, ಅಪಾಯವಿಲ್ಲದ ಸದ್ದನ್ನು ಮನಸ್ಸು ಕ್ರಮೇಣ ಬದಿಗೆ ಸರಿಸುತ್ತದೆ. ಕಿವಿಮೊರೆತವೂ ಹೀಗೆಯೇ ಬದಿಗೆ ಸರಿಯಬೇಕು. ಸರಿಯದಿದ್ದರೆ, ಅದಕ್ಕೆ ನಾವು ಅಪಾಯದ ಅರ್ಥವನ್ನು ಅಂಟಿಸಿರುವುದೇ ಕಾರಣ. ‘ಇದು ಮೆದುಳಿನ ಗೆಡ್ಡೆಯೋ ಏನೋ, ನಾಳೆ ಕಿವುಡಾಗುತ್ತೇನೋ ಏನೋ’ ಎಂದು ಹೆದರಿದರೆ ಮನಸ್ಸು ಕಾವಲುಗಾರನಂತೆ ಆ ಸದ್ದನ್ನೇ ಆಲಿಸುತ್ತದೆ. ಆಲಿಸಿದಷ್ಟೂ ಅದು ದೊಡ್ಡದಾಗುತ್ತದೆ. ದೊಡ್ಡದಾದಷ್ಟೂ ಹೆದರಿಕೆ, ನಿದ್ರಾಭಂಗ. ಈ ಗಾಣದಿಂದ ಎತ್ತನ್ನು ಬಿಚ್ಚುವುದೇ ಮನಶ್ಚಿಕಿತ್ಸೆಯ ಕೆಲಸ.

ನಾವು ಮೊದಲು ಹೋದ ಒಂದು ಆಸ್ಪತ್ರೆಯಲ್ಲಿ ವೈದ್ಯರು ಎರಡು ನಿಮಿಷ ಕಿವಿಯೊಳಗೆ ನೋಡಿ, ಇದಕ್ಕೆ ಔಷಧವಿಲ್ಲವೆಂದು ತಿಳಿಸಿ, ತಮಿಳಿನಲ್ಲಿ “ಪಳಗಿಕ್ಕೋಂಗ” ಎಂದರು; ರೂಢಿ ಮಾಡಿಕೊಳ್ಳಿ ಎಂದರ್ಥ. ಆಮೇಲೆ ಮುಂದಿನ ರೋಗಿಯನ್ನು ಕರೆದರು. ಆ ದಿನ ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಷ್ಟೋ ದಿನಗಳ ಮೇಲೆ ಮನಸ್ಸಿಗೆ ಹೊಳೆಯಿತು: ಆ ಮಾತು ನಮ್ಮದೂ ಹೌದು. ಪಳಗು ಎಂದರೆ ನಮ್ಮಲ್ಲಿ ಕೈ ಪಳಗುವುದು, ಹೋರಿಯನ್ನು ಪಳಗಿಸುವುದು. ವೈದ್ಯರು ಹೇಳಿದ ಮಾತು ಸುಳ್ಳಾಗಿರಲಿಲ್ಲ. ಪಳಗುವ ಬಗೆ ಹೇಗೆಂಬುದನ್ನು ಹೇಳದೆ ಕಳುಹಿಸಿದುದು ಕೊರತೆ. ಹೋರಿಯನ್ನು ಕೊಟ್ಟಿಗೆಯಲ್ಲಿ ಬಿಟ್ಟು ಪಳಗು ಎಂದರೆ ಪಳಗೀತೆ? ಅದಕ್ಕೊಂದು ಕ್ರಮವುಂಟು. ಅಂಥ ನಾಲ್ಕು ಕ್ರಮಗಳನ್ನು ಈಗ ಪರಿಶೀಲಿಸೋಣ.

ಅದಕ್ಕೆ ಮುಂಚೆ ಒಂದು ಎಚ್ಚರಿಕೆ. ಮನಸ್ಸಿನ ಚಿಕಿತ್ಸೆಗೆ ಹೋಗುವ ಮೊದಲು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಲೇಬೇಕು. ಕೇಳುವ ಶಕ್ತಿಯನ್ನು ಪರೀಕ್ಷೆ ಮಾಡಿಸಲೇಬೇಕು. ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತದೊಡನೆ ಮಿಡಿಯುತ್ತಿದ್ದರೆ, ಅದರೊಡನೆ ತಲೆಸುತ್ತು, ಮುಖದ ಒಂದು ಪಕ್ಕದ ಬಲಹೀನತೆ, ಕಿವಿ ಸೋರುವಿಕೆ ಇದ್ದರೆ ತಡಮಾಡಕೂಡದು. ಕೇಳುವ ಶಕ್ತಿ ಒಂದೆರಡು ದಿನದಲ್ಲಿ ಥಟ್ಟನೆ ಕುಂದಿದರೆ ಅಂದೇ ವೈದ್ಯರಲ್ಲಿಗೆ ಓಡಬೇಕು. ಅಂಥ ಸ್ಥಿತಿಯಲ್ಲಿ ಮೊದಲ ದಿನಗಳ ಚಿಕಿತ್ಸೆಗೇ ಬೆಲೆ. ಬಿಸಿ ಎಣ್ಣೆ, ಬೆಳ್ಳುಳ್ಳಿಯ ರಸ, ಎಲೆಯ ರಸ ಇವನ್ನು ಕಿವಿಗೆ ಹುಯ್ಯುವ ಅಭ್ಯಾಸವನ್ನು ಕೈಬಿಡತಕ್ಕದ್ದು. ಕಿವಿ ಮಂದವಾಗಿದ್ದರೆ ಶ್ರವಣಸಾಧನವನ್ನು ಧರಿಸಲು ನಾಚಬಾರದು. ಹೊರಗಿನ ಸದ್ದು ಚೆನ್ನಾಗಿ ಕೇಳಿದೊಡನೆ ಒಳಗಿನ ಸದ್ದು ಹಿಂದೆ ಸರಿಯುವುದು ಅನೇಕರ ಅನುಭವ. ಮೊರೆತವನ್ನೇ ಅಳಿಸುವ ಗುಳಿಗೆ ಇದುವರೆಗೆ ಸಿದ್ಧವಾಗಿಲ್ಲ. ಅಮೆರಿಕದ ಕಿವಿ, ಮೂಗು, ಗಂಟಲು ವೈದ್ಯರ ಅಕಾಡೆಮಿ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಿಂಕ್ಗೊ, ಸತುವು ಮೊದಲಾದ ಗುಳಿಗೆಗಳನ್ನು ಮೊರೆತಕ್ಕಾಗಿ ಕೊಡಬಾರದೆಂದು ಹೇಳಿತು; ಮನಶ್ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಜಾಹೀರಾತುಗಳನ್ನು ನಂಬಿ ಹಣ ಕಳೆದುಕೊಳ್ಳುವ ಮುನ್ನ ಇದನ್ನು ನೆನೆಯಬೇಕು.

ಮೊದಲನೆಯದು ಮರುತರಬೇತಿ ಚಿಕಿತ್ಸೆ. ಇದನ್ನು ರೂಪಿಸಿದವರು ಜಾಸ್ಟ್ರೆಬಾಫ್ ಎಂಬ ವಿಜ್ಞಾನಿ. 1990ರಲ್ಲಿ ತತ್ತ್ವವನ್ನು ಪ್ರಕಟಿಸಿ, ಮುಂದೆ ಇಂಗ್ಲೆಂಡಿನ ಹೇಜಲ್ ಎಂಬ ವೈದ್ಯರೊಡನೆ ಅದನ್ನು ಬಳಕೆಗೆ ತಂದರು. ಇದರಲ್ಲಿ ಎರಡು ಭಾಗ. ಒಂದು, ಕಿವಿ ಹೇಗೆ ಕೆಲಸ ಮಾಡುತ್ತದೆ, ಮೊರೆತವೇಕೆ ಅಪಾಯವಲ್ಲ ಎಂಬುದನ್ನು ರೋಗಿಗೆ ಬಿಡಿಸಿ ಬಿಡಿಸಿ ತಿಳಿಸುವುದು. ಇನ್ನೊಂದು, ಮೆಲುವಾದ ಮಳೆಯ ಸದ್ದಿನಂಥ ಧ್ವನಿಯನ್ನು ಒಂದು ಸಣ್ಣ ಸಾಧನದಿಂದ ದಿನವೂ ಹಲವು ಗಂಟೆ ಕೇಳಿಸುವುದು. ಆ ಧ್ವನಿ ಮೊರೆತವನ್ನು ಪೂರಾ ಮುಚ್ಚಬಾರದು. ಎರಡೂ ಒಟ್ಟಿಗೆ ಕೇಳಿಸುತ್ತಿರಬೇಕು, ಏಕೆಂದರೆ ಕೇಳಿಸದೆ ಹೋದ ಸದ್ದಿಗೆ ಮನಸ್ಸು ಪಳಗಲಾರದು. ಇದಕ್ಕೆ ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ.

ಎರಡನೆಯದು ಆಲೋಚನೆ ಮತ್ತು ನಡವಳಿಕೆಯ ಚಿಕಿತ್ಸೆ. ಮಾನಸಿಕ ಖಿನ್ನತೆಗಾಗಿ 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಎಂಬ ವೈದ್ಯರು ಬೆಳೆಸಿದ ವಿಧಾನವನ್ನು 1980ರ ದಶಕದಿಂದ ಕಿವಿಮೊರೆತಕ್ಕೂ ಅಳವಡಿಸಿದರು. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಕೆಲವು ವಾರಗಳ ಕಾಲ ನಡೆಯುತ್ತದೆ. ಸದ್ದಿನ ಬೆನ್ನಿಗೆ ನಮ್ಮೊಳಗೆ ತಾನಾಗಿ ಏಳುವ ವಾಕ್ಯವನ್ನು ಹಿಡಿದು, ಕಾಗದದ ಮೇಲೆ ಬರೆದು, ಸಾಕ್ಷಿ ವಿಚಾರಣೆ ಮಾಡುವುದು ಇದರ ಜೀವಾಳ. ನಮ್ಮ ನೋಟುಬುಕ್ಕಿನಿಂದಲೇ ಒಂದು ಉದಾಹರಣೆ ಕೊಡುತ್ತೇವೆ. ನಾವು ಬರೆದ ವಾಕ್ಯ: ‘ಈ ಸದ್ದು ಇರುವತನಕ ನನಗೆ ಒಂದು ಗಳಿಗೆಯ ಸುಖವೂ ಇಲ್ಲ.’ ಚಿಕಿತ್ಸಕಿ, ಹೌದು ಎನ್ನುವುದಕ್ಕೆ ಏನು ಸಾಕ್ಷಿ, ಅಲ್ಲ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ಹೌದು ಎನ್ನಲು, ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ ಎಂದು ಬರೆದೆವು. ಅಲ್ಲ ಎನ್ನಲು ಬಹಳ ಹೊತ್ತು ಏನೂ ತೋಚಲಿಲ್ಲ. ಆಮೇಲೆ, ಹಿಂದಿನ ಭಾನುವಾರ ಮೊಮ್ಮಗಳೊಡನೆ ಚೌಕಾಬಾರ ಆಡುತ್ತ ಒಂದು ಗಂಟೆಯ ಕಾಲ ಸದ್ದಿನ ನೆನಪೇ ಇರಲಿಲ್ಲವೆಂಬುದು ನೆನಪಾಯಿತು. ಹಳೆಯ ವಾಕ್ಯವನ್ನು ತಿದ್ದಿ ಬರೆದೆವು: ‘ಸದ್ದು ಇದೆ. ರಾತ್ರಿ ಕಷ್ಟ. ಹಗಲು ಕೈಗೆ ಕೆಲಸವಿದ್ದಾಗ ಅಷ್ಟು ಕಷ್ಟವಿಲ್ಲ.’ ಇದು ಸಮಾಧಾನದ ಮಾತಲ್ಲ, ಸುಳ್ಳು ಧೈರ್ಯವಲ್ಲ. ಮೊದಲ ವಾಕ್ಯಕ್ಕಿಂತ ಹೆಚ್ಚು ನಿಜವಾದುದು, ಅಷ್ಟೆ.

ನಡವಳಿಕೆಯ ಭಾಗವೂ ಇಷ್ಟೇ ಮುಖ್ಯ. ಮೊರೆತ ಬಂದ ಮೇಲೆ ನಾವು ಮದುವೆಮನೆಗೆ ಹೋಗುವುದನ್ನು ಬಿಟ್ಟಿದ್ದೆವು. ಕಿವಿಗೆ ಹತ್ತಿ ತುರುಕಿಕೊಂಡು ಮನೆಯಲ್ಲಿ ಕೂತಿದ್ದೆವು. ಇದು ತಪ್ಪೆಂದು ಅಲ್ಲಿ ತಿಳಿಯಿತು. ಮಾಮೂಲಿ ಸದ್ದುಗಳನ್ನೂ ತಡೆದರೆ ಮೆದುಳು ತಿರುಪನ್ನು ಇನ್ನೂ ಏರಿಸುತ್ತದೆ. ಬಂಡೆ ಕೊರೆಯುವಲ್ಲಿ ಕಿವಿಗೆ ರಕ್ಷಣೆ ಬೇಕೇ ಬೇಕು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದಿಗೆ ಬೇಡ. ಬಿಟ್ಟುಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವುದು, ಮಲಗುವ ಏಳುವ ವೇಳೆಯನ್ನು ಕಟ್ಟುನಿಟ್ಟು ಮಾಡುವುದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂರುವುದು, ಮೈಯ ಸ್ನಾಯುಗಳನ್ನು ಸಡಿಲಿಸುವುದು, ಇವೆಲ್ಲ ಇದರಲ್ಲಿ ಸೇರಿವೆ.

ಮೂರನೆಯದು ಸಾವಧಾನದ ಅಭ್ಯಾಸ. ಬೌದ್ಧರ ಧ್ಯಾನಕ್ರಮದಿಂದ ಮತಾಚರಣೆಯನ್ನು ಬಿಟ್ಟು ಅಭ್ಯಾಸವನ್ನು ಮಾತ್ರ ತೆಗೆದುಕೊಂಡು, 1979ರಲ್ಲಿ ಅಮೆರಿಕದ ಕಬಾಟ್-ಜಿನ್ ಎಂಬವರು ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಇದನ್ನು ಆರಂಭಿಸಿದರು. ಉಸಿರನ್ನು ಗಮನಿಸುತ್ತ ಕೂರುವುದು; ಸದ್ದು ಬಂದರೆ ಅದನ್ನೂ ಗಮನಿಸುವುದು; ಓಡಿಸಲು ಹೋಗದಿರುವುದು. ನಮ್ಮವರು ಧ್ಯಾನವೆಂದೊಡನೆ, ಜಪವನ್ನು ಗಟ್ಟಿಯಾಗಿ ಮಾಡಿ ಸದ್ದನ್ನು ಅಡಗಿಸುವುದೆಂದು ತಿಳಿಯುತ್ತಾರೆ. ಇದು ಅದಕ್ಕೆ ತೀರ ವಿರುದ್ಧ. ಓಡಿಹೋಗುವ ಬದಲು ತಿರುಗಿ ನಿಂತು ನೋಡುವ ಕ್ರಮ ಇದು. ಮೊದಮೊದಲು ಸದ್ದು ಹೆಚ್ಚಾದಂತೆಯೇ ತೋರುವುದರಿಂದ ತಿಳಿದವರ ಮಾರ್ಗದರ್ಶನದಲ್ಲಿ ಮಾಡುವುದು ಒಳ್ಳೆಯದು.

ನಾಲ್ಕನೆಯದು ಅಂಗೀಕಾರ ಮತ್ತು ಸಂಕಲ್ಪದ ಚಿಕಿತ್ಸೆ. ಇದನ್ನು ಬೆಳೆಸಿದವರಲ್ಲಿ ಪ್ರಮುಖರು ಅಮೆರಿಕದ ಸ್ಟೀವನ್ ಹೇಸ್. ಇಲ್ಲಿ ಆಲೋಚನೆಯನ್ನು ತಿದ್ದುವ ಗೋಜಿಲ್ಲ. ಹೊಸೂರಿನಿಂದ ಕೃಷ್ಣಗಿರಿಗೆ ಕೆಲಸವಿದ್ದು ಬಸ್ಸು ಹತ್ತಿದಿರಿ. ಬಸ್ಸಿನಲ್ಲಿ ಕಿವಿಗಡಚಿಕ್ಕುವ ಹಾಡು. ಅದಕ್ಕಾಗಿ ಶೂಳಗಿರಿಯಲ್ಲಿ ಇಳಿದುಬಿಡುತ್ತೀರಾ? ಹಾಡು ಹಾಡಿಕೊಳ್ಳಲಿ, ನಮಗೆ ಕೃಷ್ಣಗಿರಿಯಲ್ಲಿ ಕೆಲಸವಿದೆ. ಹಾಗೆಯೇ, ಸದ್ದು ನಿಂತ ಮೇಲೆ ಬದುಕುತ್ತೇನೆ ಎನ್ನದೆ, ನಮಗೆ ಬೆಲೆಯುಳ್ಳದ್ದು ಯಾವುದು, ಮಕ್ಕಳ ಓದೋ, ಹೊಲವೋ, ಸಂಘದ ಕೆಲಸವೋ, ಅದನ್ನು ಗೊತ್ತು ಮಾಡಿಕೊಂಡು ಸದ್ದಿನೊಡನೆಯೇ ಅದರ ಕಡೆಗೆ ನಡೆಯುವುದು ಇದರ ಸಾರ.

ಈಗ ತೂಗಿ ನೋಡೋಣ. ನೂರಾರು ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಚಿಕಿತ್ಸೆ ಕೊಟ್ಟು ಹೋಲಿಸುವುದು ಇಂದಿನ ವೈದ್ಯಶಾಸ್ತ್ರದ ಒರೆಗಲ್ಲು. ಈ ಒರೆಗಲ್ಲಿನ ಮೇಲೆ ಹೆಚ್ಚು ಸಲ ಉಜ್ಜಲ್ಪಟ್ಟದ್ದು ಎರಡನೆಯ ಚಿಕಿತ್ಸೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 28 ಅಧ್ಯಯನಗಳನ್ನು, ಅವುಗಳಲ್ಲಿದ್ದ 2,733 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಮೊರೆತದ ಸಂಕಟವನ್ನು ಅಳೆಯಲು 25 ಪ್ರಶ್ನೆಗಳ ಒಂದು ಪಟ್ಟಿಯುಂಟು. ಅದಕ್ಕೆ ಒಟ್ಟು 100 ಅಂಕ. ಅಂಕ ಹೆಚ್ಚಿದಷ್ಟೂ ಸಂಕಟ ಹೆಚ್ಚು. ಏನೂ ಚಿಕಿತ್ಸೆ ಪಡೆಯದೆ ಕಾದಿದ್ದವರಿಗಿಂತ ಈ ಚಿಕಿತ್ಸೆ ಪಡೆದವರ ಸಂಕಟ ಚಿಕಿತ್ಸೆಯ ಅಂತ್ಯಕ್ಕೆ ಸುಮಾರು 11 ಅಂಕದಷ್ಟು ಕಡಿಮೆಯಿತ್ತು. 7 ಅಂಕ ಇಳಿದರೇ ರೋಗಿಗೆ ವ್ಯತ್ಯಾಸ ತಿಳಿಯುತ್ತದೆಂಬುದು ತಜ್ಞರ ಎಣಿಕೆ. ಕಿವಿ ಪರೀಕ್ಷಕರ ಸಾಮಾನ್ಯ ಆರೈಕೆ ಪಡೆದವರೊಡನೆ ಹೋಲಿಸಿದಾಗ ಅಂತರ 6 ಅಂಕಕ್ಕಿಂತ ತುಸು ಕಡಿಮೆ. ಲಾಭ ಉಂಟು, ಪವಾಡವಿಲ್ಲ. ಆರು ತಿಂಗಳು, ಒಂದು ವರ್ಷದ ಮೇಲೆ ಈ ಲಾಭ ಎಷ್ಟು ಉಳಿಯುತ್ತದೆಂಬುದಕ್ಕೆ ಸಾಕ್ಷ್ಯ ಇನ್ನೂ ತೆಳುವಾಗಿದೆ. ಸದ್ದಿನ ಗಟ್ಟಿತನ ಈ ಚಿಕಿತ್ಸೆಯಿಂದ ಇಳಿಯುವುದೆಂದು ಯಾರೂ ಆಶಿಸಬಾರದು, ಇಳಿಯುವುದು ಸಂಕಟ.

ಮರುತರಬೇತಿಯ ಮಾತು ಬೇರೆ. ಅಮೆರಿಕದ ಸೈನಿಕ ಆಸ್ಪತ್ರೆಗಳಲ್ಲಿ 151 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪೂರ್ಣ ಮರುತರಬೇತಿ ಪಡೆದವರು, ಧ್ವನಿಯುಂಟುಮಾಡದ ಹುಸಿ ಸಾಧನದೊಡನೆ ಪಡೆದವರು, ಸಾಮಾನ್ಯ ಆರೈಕೆ ಪಡೆದವರು, ಈ ಮೂರು ಗುಂಪಿನವರೂ ಸುಧಾರಿಸಿದರು. ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇದರಿಂದ ನಾವು ತಿಳಿಯಬೇಕಾದುದೇನು? ಬೆಲೆಬಾಳುವ ಸಾಧನಕ್ಕಿಂತ, ಕೂರಿಸಿಕೊಂಡು ವಿವರಿಸಿ ಹೇಳುವ ಸಲಹೆಯೇ ಹೆಚ್ಚು ಕೆಲಸ ಮಾಡುತ್ತಿರಬಹುದೆಂಬುದು. ಮರುತರಬೇತಿಯನ್ನೂ ಅಂಗೀಕಾರ ಚಿಕಿತ್ಸೆಯನ್ನೂ ಸ್ವೀಡನ್ನಿನಲ್ಲಿ 64 ಮಂದಿಯ ಮೇಲೆ ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಗೀಕಾರ ಚಿಕಿತ್ಸೆಯೇ ಮೇಲಾಯಿತು. ಅದೇ ದೇಶದಲ್ಲಿ 99 ಮಂದಿಗೆ ಅಂತರ್ಜಾಲದ ಮೂಲಕವೇ ಚಿಕಿತ್ಸೆ ಕೊಟ್ಟು ನೋಡಿದಾಗ ಆಲೋಚನೆಯ ಚಿಕಿತ್ಸೆಯೂ ಅಂಗೀಕಾರದ ಚಿಕಿತ್ಸೆಯೂ ಸರಿಸುಮಾರು ಸಮವಾದುವು. ಲಂಡನ್ನಿನಲ್ಲಿ 75 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೈ ಸಡಿಲಿಸುವ ಅಭ್ಯಾಸವೂ ಸಾವಧಾನದ ಅಭ್ಯಾಸವೂ ಎರಡೂ ಗುಣ ತೋರಿದುವು. ಸಾವಧಾನದ ಗುಣ ಹೆಚ್ಚೆಂದು ಕಂಡುಬಂತು. ಹಾಲೆಂಡಿನಲ್ಲಿ 492 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಕಿವಿಯ ಆರೈಕೆ, ಮರುತರಬೇತಿಯ ಅಂಶಗಳು, ಆಲೋಚನೆಯ ಚಿಕಿತ್ಸೆ, ಇವನ್ನು ಒಟ್ಟುಗೂಡಿಸಿ, ಅಲ್ಪ ಸಂಕಟದವರಿಗೆ ಅಲ್ಪವಾಗಿ, ಹೆಚ್ಚು ಸಂಕಟದವರಿಗೆ ಹೆಚ್ಚಾಗಿ ಕೊಟ್ಟರು. ಸಾಮಾನ್ಯ ಆರೈಕೆಗಿಂತ ಇದು ಒಂದು ವರ್ಷದ ಮೇಲೂ ಉತ್ತಮವಾಗಿತ್ತು.

ಇವನ್ನೆಲ್ಲ ಕೂಡಿಸಿ ನಮ್ಮ ಅಭಿಪ್ರಾಯವನ್ನು ಹೇಳುವುದಾದರೆ ಹೀಗೆ: ಸಾಕ್ಷ್ಯದ ಬಲ ಆಲೋಚನೆ ಮತ್ತು ನಡವಳಿಕೆಯ ಚಿಕಿತ್ಸೆಗೆ ಹೆಚ್ಚು. ಅಂಗೀಕಾರ, ಸಾವಧಾನಗಳು ಅದರ ಸಮೀಪದಲ್ಲಿವೆ; ಬರೆದು ತರ್ಕಿಸುವುದು ಹಿಡಿಸದವರಿಗೆ ಅವೇ ಒಳ್ಳೆಯವು. ಸಾಧನದ ಧ್ವನಿ ಉಪಕಾರಕವಾಗಬಹುದು, ಅನಿವಾರ್ಯವಲ್ಲ. ನಮಗೆ ಮೊದಲ ಸಲ ಆ 25 ಪ್ರಶ್ನೆಗಳಲ್ಲಿ 58 ಅಂಕ ಬಂದಿತ್ತು. ಹತ್ತು ತಿಂಗಳ ಮೇಲೆ 26 ಬಂತು. ಸದ್ದು ಮಾತ್ರ ಮೊದಲಿದ್ದಷ್ಟೇ ಇದೆ.

ಈಗ ಮೊದಲಲ್ಲಿ ಕೊಟ್ಟ ಮಾತಿಗೆ ಬರುತ್ತೇವೆ. ಈ ಚಿಕಿತ್ಸೆಗಳಲ್ಲಿ ಔಷಧವೆಂಬುದು ಮಾತೇ. ಹುಣ್ಣಿಗೆ ಹಚ್ಚುವ ಮುಲಾಮಿಗೆ ಭಾಷೆಯಿಲ್ಲ. ಯಾವ ಭಾಷೆಯವನು ಹಚ್ಚಿದರೂ ಗುಣವಾಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ನಮ್ಮೊಳಗೆ ಏಳುವ ವಾಕ್ಯ ಮನೆಯ ಮಾತಿನಲ್ಲಿ ಏಳುತ್ತದೆ. ಅದನ್ನು ಬೇರೆ ಭಾಷೆಗೆ ತಿರುಗಿಸಿ ಹೇಳುವಷ್ಟರಲ್ಲಿ ಅರ್ಧ ಸೋರಿಹೋಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಸೀಮೆ ಮದರಾಸು ರಾಜ್ಯದಲ್ಲಿ ಉಳಿಯಿತು. ನಾವು ತಮಿಳನ್ನು ಪ್ರೀತಿಯಿಂದ ಕಲಿತಿದ್ದೇವೆ, ಸಂತೆಯಲ್ಲೂ ಕಚೇರಿಯಲ್ಲೂ ಧಾರಾಳವಾಗಿ ಆಡುತ್ತೇವೆ. ಆದರೂ ನಮ್ಮ ಮುದುಕಿಯರು ವೈದ್ಯರ ಮುಂದೆ ‘ಕಾದು ವಲಿ’ ಎಂದಷ್ಟೇ ಹೇಳಿ, ಕಿವಿನೋವಿನ ಮಾತ್ರೆ ತಂದು ನುಂಗುವುದನ್ನು ನಾವೇ ಕಂಡಿದ್ದೇವೆ. ಅವರಿಗಿದ್ದುದು ನೋವಲ್ಲ, ಮೊರೆತ.

ಸಂತೋಷದ ಸಂಗತಿಯೆಂದರೆ, ನಾವು ತಿಳಿಸಿದ 25 ಪ್ರಶ್ನೆಗಳ ಪಟ್ಟಿ ಕನ್ನಡದಲ್ಲಿ ಸಿದ್ಧವಾಗಿ, ಪರೀಕ್ಷಿಸಲ್ಪಟ್ಟು, 2012ರಲ್ಲಿ ಅಂತರರಾಷ್ಟ್ರೀಯ ವೈದ್ಯಪತ್ರಿಕೆಯೊಂದರಲ್ಲಿ ವರದಿಯಾಗಿದೆ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಕಿವಿಯ ಪರೀಕ್ಷೆ, ಶ್ರವಣಸಾಧನ, ಸಲಹೆ ಅಲ್ಲಿ ದೊರೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, 1974ರಲ್ಲಿ ಈ ಹೆಸರಿನಿಂದ ರೂಪುಗೊಂಡುದು, ಹೊಸೂರು ರಸ್ತೆಯಲ್ಲೇ ಇದೆ. ನಮ್ಮ ಊರಿನ ಹೆಸರನ್ನು ಹೊತ್ತ ರಸ್ತೆಯ ಆ ತುದಿಯಲ್ಲಿ, 40 ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಕನ್ನಡದಲ್ಲಿ ನಮ್ಮ ಮನಸ್ಸಿನ ಮಾತು ಕೇಳುವವರಿದ್ದಾರೆ. ಬಹಳ ಕಂಗೆಟ್ಟವರು, ಬದುಕೇ ಬೇಡವೆನಿಸಿದವರು, 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ದೂರವಾಣಿಗೆ, 14416ಕ್ಕೆ, ಹಗಲಾಗಲಿ ಇರುಳಾಗಲಿ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಮನೆಯವರಿಗೂ ಒಂದು ವಿಜ್ಞಾಪನೆ. ಮೊರೆತದ ಬೇನೆ ಕಣ್ಣಿಗೆ ಕಾಣುವುದಿಲ್ಲ. ‘ನನಗೇನೂ ಕೇಳಿಸುತ್ತಿಲ್ಲವಲ್ಲ’ ಎಂದು ನಗಬೇಡಿ. ಹಾಗೆಯೇ ದಿನಕ್ಕೆ ಹತ್ತು ಸಲ ‘ಈಗ ಹೇಗಿದೆ ಸದ್ದು?’ ಎಂದು ಕೇಳಲೂ ಬೇಡಿ; ಕೇಳಿದಾಗಲೆಲ್ಲ ಅವರು ಒಳಗೆ ಹೋಗಿ ಆಲಿಸಿ ಬರಬೇಕಾಗುತ್ತದೆ. ಚೌಕಾಬಾರಕ್ಕೆ ಕರೆಯಿರಿ. ಕಾರ್ಖಾನೆಗೆ, ಕಲ್ಲುಕೆಲಸಕ್ಕೆ ಹೋಗುವ ಮಕ್ಕಳಿಗೆ ಕಿವಿಯ ರಕ್ಷಾಕವಚ ಧರಿಸುವಂತೆ, ಬುತ್ತಿ ಕೊಡುವಾಗಲೇ ಹೇಳಿರಿ.

ಸಂಘಕ್ಕೆ ನಮ್ಮ ಸಲಹೆ ಇಷ್ಟೆ. ಇಂದು ನಾವು ಹೇಳಿದುದನ್ನು ತಜ್ಞರಿಂದ ತಿದ್ದಿಸಿ ಹತ್ತು ಪುಟದ ಕನ್ನಡ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ ನಮ್ಮ ಕನ್ನಡ ಶಾಲೆಗಳ ಮಕ್ಕಳ ಕೈಯಲ್ಲಿ ಮನೆಮನೆಗೆ ಕಳುಹಿಸಬಹುದು. ತಿಂಗಳಿಗೊಮ್ಮೆ ಮೊರೆತದವರು ಸಂಘದ ಕೊಠಡಿಯಲ್ಲಿ ಸೇರಿ ಅರ್ಧ ಗಂಟೆ ಮಾತನಾಡಬಹುದು. ಆಸ್ಪತ್ರೆಗೆ ಹೋಗಲು ಭಾಷೆಯ ಅಂಜಿಕೆಯುಳ್ಳ ಹಿರಿಯರೊಡನೆ ನಮ್ಮ ತರುಣರೊಬ್ಬರು ಹೋಗಬಹುದು. ಇದೂ ಕನ್ನಡದ ಕೆಲಸವೇ ಎಂದು ನಾವು ತಿಳಿದಿದ್ದೇವೆ.

ಈ ಭಾಷಣದ ವಿಷಯ ತಿಳಿದ ಮೇಲೆ, ಇಂದು ಬೆಳಿಗ್ಗೆ ಬಾಗಿಲಲ್ಲಿ ಹಿರಿಯರೊಬ್ಬರು ನಮ್ಮ ಕೈಹಿಡಿದು, “ಮೇಷ್ಟ್ರೇ, ನನಗೂ ಅದೇ ಇದೆ, ಏಳು ವರ್ಷದಿಂದ ಯಾರಿಗೂ ಹೇಳಿಲ್ಲ” ಎಂದರು. ಸಭೆ ಮುಗಿದ ಮೇಲೆ ನಾವು ಪಕ್ಕದ ಕೊಠಡಿಯಲ್ಲಿ ಅವರೊಡನೆ ಕುಳಿತಿರುತ್ತೇವೆ. ಅಂಥವರು ಇನ್ನೂ ಇದ್ದರೆ ಸಂಕೋಚವಿಲ್ಲದೆ ಬರಬೇಕು.